ಕೆಂಪು ಶಾಯಿಯ ಸಾಲು

ಜೆರ್ಟ್ರೂಡ್ ಕ್ರಾಸ್ತಾ ಸೇರಿದ ಕಾಲಕ್ಕೆ ಡಾಕ್ಟರ್ ತಿರುಮಲೇಶ್ವರರ ಆಸ್ಪತ್ರೆಯಲ್ಲಿ ಇದ್ದದ್ದು ಆರು ಮಂಚ, ಒಂದು ಹೆರಿಗೆ ಕೋಣೆ, ಮೇಲೆ ಹಂಚಿನ ಮಾಡು. ಮೊಗ್ರಾಲಿನಿಂದ ತುಸು ಉತ್ತರಕ್ಕೆ, ಹೆದ್ದಾರಿಯ ಬದಿಯಲ್ಲೇ. ಹತ್ತೊಂಬತ್ತು ವರ್ಷಗಳಲ್ಲಿ ಮಾಡು ಹೋಗಿ ಎರಡು ಮಾಳಿಗೆ ಬಂತು, ಆರು ಮಂಚ ನಲವತ್ತಾಯಿತು, ಜೆರ್ಟ್ರೂಡ್ ಹೆಡ್ ನರ್ಸ್ ಆದಳು. ಬದಲಾಗದೆ ಉಳಿದದ್ದು ಕಾರ್ಡುಗಳು. ಬಂದವರ ಹೆಸರು, ಊರು, ಕಾಯಿಲೆ, ಕೊಟ್ಟ ಮದ್ದು ಎಲ್ಲ ದಪ್ಪ ಹಳದಿ ಕಾರ್ಡಿನಲ್ಲಿ. ಯಾರಿಗಾದರೂ ಒಂದು ಮದ್ದು ಆಗಿಬರುವುದಿಲ್ಲ ಎಂದು ಗೊತ್ತಾದರೆ ಜೆರ್ಟ್ರೂಡ್ ಅದನ್ನು ಕಾರ್ಡಿನ ನೆತ್ತಿಯಲ್ಲಿ ಕೆಂಪು ಶಾಯಿಯಿಂದ ಬರೆದು ಎರಡು ಗೆರೆ ಎಳೆಯುತ್ತಿದ್ದಳು. ಅದು ಯಾರೂ ಹೇಳಿಕೊಟ್ಟ ಪದ್ಧತಿಯಲ್ಲ, ಅವಳದೇ.

ತೊಂಬತ್ತಾರರ ಕೊನೆಯಲ್ಲಿ ಕಂಪ್ಯೂಟರ್ ಬಂತು. ತಂದವನು ಡಾಕ್ಟರರ ಅಳಿಯ ಕೃಷ್ಣಕುಮಾರ. ಮಂಗಳೂರಿನಲ್ಲಿ ಓದಿ, ಮದುವೆಯಾದ ಮೇಲೆ ಆಸ್ಪತ್ರೆಯ ಆಡಳಿತ ನೋಡಿಕೊಳ್ಳುತ್ತಿದ್ದ ಚುರುಕಿನ ಹುಡುಗ, ಕೆಟ್ಟವನಲ್ಲ. ಕಂಪ್ಯೂಟರಿಗೆಂದು ಒಂದು ಕೋಣೆಗೆ ಎ.ಸಿ. ಹಾಕಿಸಿದ. ವಾರ್ಡಿನಲ್ಲಿ ಫ್ಯಾನು ನಿಂತರೂ ಆ ಕೋಣೆ ತಣ್ಣಗಿರುತ್ತಿತ್ತು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು.

ಜೆರ್ಟ್ರೂಡ್ ಹಿಂದೊಮ್ಮೆ ಟೈಪಿಂಗ್ ಕಲಿತಿದ್ದಳು. ಹಳೆಯ ಕಾರ್ಡುಗಳನ್ನೆಲ್ಲ ಕಂಪ್ಯೂಟರಿಗೆ ಏರಿಸುವ ಕೆಲಸ ಅವಳ ತಲೆಗೇ ಬಂತು. ಒಟ್ಟು ನಾಲ್ಕು ಸಾವಿರದ ಇನ್ನೂರು ಕಾರ್ಡು. ಮೊದಲ ವಾರದಲ್ಲೇ ಅವಳು ಕೃಷ್ಣಕುಮಾರನನ್ನು ಕರೆದು ತೋರಿಸಿದಳು.

"ಇಲ್ಲಿ ಹೆಸರಿಗೆ ಜಾಗ ಉಂಟು, ವಯಸ್ಸಿಗೆ ಉಂಟು, ಕಾಯಿಲೆಗೆ ಉಂಟು. ಈ ಕೆಂಪು ಸಾಲನ್ನು ಎಲ್ಲಿ ಹಾಕುದು?"

ಅವನು ಬಗ್ಗಿ ನೋಡಿದ. "ಅದಕ್ಕೆ ಕಾಲಮ್ಮೇ ಕೊಡ್ಲಿಲ್ಲ ಅವರು. ಪರವಾಗಿಲ್ಲ ಸಿಸ್ಟರ್, ಪ್ರೋಗ್ರಾಮ್ ಬರೆದವರಿಗೆ ಹೇಳ್ತೇನೆ. ಮೊದಲು ಇದ್ದದ್ದು ಏರಿಸಿ ಮುಗಿಸಿ. ಏಪ್ರಿಲ್ ಒಂದಕ್ಕೆ ಹೊಸ ಪದ್ಧತಿ ಶುರು ಮಾಡ್ಬೇಕು."

ಕಾಲಮ್ಮು ಬರಲಿಲ್ಲ. ಜೆರ್ಟ್ರೂಡ್ ಎರಡು ಸಲ ನೆನಪಿಸಿದಳು. ಆಮೇಲೆ ತಾನೇ ಒಂದು ನೋಟ್‌ಬುಕ್ ಮಾಡಿ, ಕೆಂಪು ಸಾಲು ಕಂಡಲ್ಲೆಲ್ಲ ಕಾರ್ಡಿನ ನಂಬರು, ಹೆಸರು, ಮದ್ದು ಬರೆದಿಡತೊಡಗಿದಳು. ಸಾವಿರದ ನೂರ ನಲವತ್ತನೆಯ ಕಾರ್ಡಿನವರೆಗೆ ಹಾಗೆ ಮೂವತ್ತೇಳು ಹೆಸರು ಬರೆದಳು. ಫೆಬ್ರವರಿಯಲ್ಲಿ ಇಬ್ಬರು ನರ್ಸುಗಳು ಗಲ್ಫಿಗೆ ಹೋದರು. ವಾರ್ಡೂ ನೋಡಬೇಕು, ಟೈಪೂ ಮಾಡಬೇಕು. ಕೃಷ್ಣಕುಮಾರ ದಿನಾ ಸಂಜೆ "ಇವತ್ತು ಎಷ್ಟಾಯ್ತು ಸಿಸ್ಟರ್?" ಎಂದು ಕೇಳುತ್ತಿದ್ದ. ನೋಟ್‌ಬುಕ್ ತೆರೆಯುವುದನ್ನು ಒಂದು ದಿನ ಮುಂದೂಡಿದಳು, ಮರುದಿನವೂ ಮುಂದೂಡಿದಳು. ಹಾಗೆಯೇ ನಿಂತಿತು.

ಮಾರ್ಚ್ ಕೊನೆಗೆ ಎಲ್ಲ ಕಾರ್ಡೂ ಮುಗಿಯಿತು. ಕಾರ್ಡು ಇಡುತ್ತಿದ್ದ ಕೋಣೆಯನ್ನು ಖಾಲಿ ಮಾಡಿ ಲ್ಯಾಬಿಗೆ ಬಿಟ್ಟುಕೊಟ್ಟರು. ಹಳದಿ ಕಾರ್ಡುಗಳನ್ನು ಗೋಣಿಯಲ್ಲಿ ತುಂಬಿ ಗುಜರಿಯವನು ಟೆಂಪೋದಲ್ಲಿ ಹೇರಿಕೊಂಡು ಹೋದ.

ಏಪ್ರಿಲ್ ಹದಿನಾರರಂದು ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಮೊಗ್ರಾಲಿನ ಕಿನ್ನಿಯನ್ನು ರಿಕ್ಷಾದಲ್ಲಿ ತಂದರು. ವಯಸ್ಸು ಮೂವತ್ತೊಂದು. ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತು ಮನೆಮನೆಗೆ ಹೋಗಿ ಮಾರುವವಳು. ಗಂಡ ಬೋಜ ದೋಣಿಗೆ ಹೋಗುವವನು. ಆ ದಿನ ಅವನೇ ಅವಳನ್ನು ತೋಳಿನಲ್ಲಿ ಎತ್ತಿ ಒಳಗೆ ತಂದದ್ದು. ಮೂತ್ರಪಿಂಡದ ಕಲ್ಲಿನ ನೋವು. ಅವಳು ಬೆಂಚಿನ ಅಂಚು ಹಿಡಿದು ಎರಡಾಗಿ ಬಾಗಿಹೋಗಿದ್ದಳು. ಹೊರಗೆ ನಲವತ್ತು ಜನ ಕಾಯುತ್ತಿದ್ದರು. ಡಾಕ್ಟರರು ಹೊಟ್ಟೆ ಮುಟ್ಟಿ ನೋಡಿ ನೋವಿನ ಇಂಜೆಕ್ಷನ್ ಬರೆದರು.

ಇಂಜೆಕ್ಷನ್ ಕೊಡಬೇಕಾದವಳು ರೋಸಲಿನ್. ಕೆಲಸಕ್ಕೆ ಸೇರಿ ವರ್ಷವೂ ಆಗದ ಇಪ್ಪತ್ತೆರಡರ ಹುಡುಗಿ. ಕಲಿಸಿಕೊಟ್ಟಂತೆ ಅವಳು ಕೇಳಿದಳು: "ಅಕ್ಕಾ, ನಿಮಗೆ ಯಾವುದಾದರೂ ಮದ್ದು ಆಗುದಿಲ್ಲ ಅಂತ ಉಂಟಾ?"

ಕಿನ್ನಿ ಹಲ್ಲು ಕಚ್ಚಿಕೊಂಡೇ ಹೇಳಿದಳು: "ಒಂದು ಸೂಜಿ ಆಗುದಿಲ್ಲ. ಯಾವುದು ಅಂತ ನನಗೆ ಗೊತ್ತಿಲ್ಲ. ಕಾರ್ಡಿನಲ್ಲಿ ಬರೆದದ್ದು ಉಂಟು, ನೋಡಿ."

ರೋಸಲಿನ್ ಹೋಗಿ ಕಂಪ್ಯೂಟರಿನಲ್ಲಿ ನೋಡಿದಳು. ಹೆಸರು ಇತ್ತು, ಎಂಬತ್ತೊಂಬತ್ತರ ಹೆರಿಗೆ ಇತ್ತು, ಬೇರೇನೂ ಇರಲಿಲ್ಲ. ತಿರುಗಿ ಡಾಕ್ಟರರ ಕೋಣೆಗೆ ಬಂದು, ಯಾವುದೋ ಒಂದು ಸೂಜಿ ಆಗುವುದಿಲ್ಲವಂತೆ, ಕಂಪ್ಯೂಟರಿನಲ್ಲಿ ಏನೂ ಇಲ್ಲ ಎಂದು ಹೇಳಿದಳು. ಡಾಕ್ಟರರು ಇನ್ನೊಬ್ಬರ ಎದೆಗೆ ಸ್ಟೆತಸ್ಕೋಪ್ ಇಟ್ಟಿದ್ದರು. ತಲೆ ಎತ್ತದೆ, "ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ಇಲ್ಲ. ಕೊಡು, ನೋವಿನಲ್ಲಿ ಸಾಯ್ತಾ ಇದ್ದಾಳೆ," ಎಂದರು.

ಜೆರ್ಟ್ರೂಡ್ ಮೇಲಿನ ವಾರ್ಡಿನಲ್ಲಿದ್ದಳು. ಕೆಳಗಿನಿಂದ ರೋಸಲಿನ್ ಕೂಗಿದ ದನಿ ಕೇಳಿ ಮೆಟ್ಟಿಲು ಇಳಿದು ಓಡಿಬಂದಳು. ಮಂಚದ ಮೇಲಿನ ಹೆಂಗಸಿನ ತುಟಿ ಊದಿ ಬಾತುಕೊಂಡಿತ್ತು. ಕೈಗಳು ಗಂಟಲನ್ನು ಹುಡುಕುತ್ತಿದ್ದವು. ಉಸಿರು ಸಿಳ್ಳೆಯಂತೆ ಎಳೆಯುತ್ತಿತ್ತು. ಜೆರ್ಟ್ರೂಡಿಗೆ ತಟ್ಟನೆ ಗುರುತು ಸಿಕ್ಕಿತು. ಎಂಟು ವರ್ಷಗಳ ಹಿಂದೆ ಹೆರಿಗೆಯಾದ ಮರುದಿನ ಇದೇ ಹೆಂಗಸಿಗೆ ಇದೇ ಮದ್ದು ಕೊಟ್ಟು ಇದೇ ರೀತಿ ಆಗಿತ್ತು. ಆಗ ಡಾಕ್ಟರರು ಓಡಿಬಂದು ಉಳಿಸಿದ್ದರು. "ಇನ್ನು ನೀವು ಹೆದರಬೇಡಿ, ಇಲ್ಲಿ ಬರೆದಿಟ್ಟಿದ್ದೇನೆ," ಎಂದು ಕಿನ್ನಿಗೆ ಕಾರ್ಡು ತೋರಿಸಿ ಹೇಳಿದವಳು ಜೆರ್ಟ್ರೂಡೇ.

ಈ ಸಲವೂ ಡಾಕ್ಟರರು ಓಡಿಬಂದರು. ಅಡ್ರಿನಲಿನ್ ಕೊಟ್ಟರು, ಆಕ್ಸಿಜನ್ ಇಟ್ಟರು, ಎದೆ ಒತ್ತಿದರು. ಇಪ್ಪತ್ತು ನಿಮಿಷದಲ್ಲಿ ಎಲ್ಲ ಮುಗಿಯಿತು. ಬಾಗಿಲಲ್ಲಿ ನಿಂತಿದ್ದ ಬೋಜನಿಗೆ ಏನಾಯಿತೆಂದು ಅರ್ಥವೇ ಆಗಲಿಲ್ಲ. "ನೋವು ಕಡಿಮೆ ಆಯ್ತಾ?" ಎಂದು ಅವನು ರೋಸಲಿನಳನ್ನು ಕೇಳಿದ.

ಸಂಜೆಗೆ ಮೊಗ್ರಾಲಿನಿಂದ ಜನ ಬಂದರು. ಗಾಜು ಒಡೆಯಿತು. ಪೊಲೀಸರು ಬಂದು ಬರೆದುಕೊಂಡು ಹೋದರು.

ಮೂರನೆಯ ದಿನ ಕೃಷ್ಣಕುಮಾರ ಜೆರ್ಟ್ರೂಡಳನ್ನು ತಣ್ಣನೆಯ ಕೋಣೆಗೆ ಕರೆದ. ಕಣ್ಣು ಕೆಂಪಾಗಿತ್ತು, ನಿದ್ದೆ ಮಾಡಿರಲಿಲ್ಲವೇನೋ. ಮೇಜಿನ ಮೇಲೆ ಟೈಪ್ ಮಾಡಿದ ಒಂದು ಹಾಳೆ ಇತ್ತು. ಹಳೆಯ ಕಾರ್ಡುಗಳಲ್ಲಿ ಇದ್ದದ್ದನ್ನೆಲ್ಲ ಒಂದೂ ಬಿಡದೆ ಕಂಪ್ಯೂಟರಿಗೆ ಸೇರಿಸಲಾಗಿದೆ ಎಂದು ಹೆಡ್ ನರ್ಸ್ ದೃಢಪಡಿಸುವ ಹೇಳಿಕೆ.

"ಇದಕ್ಕೆ ಒಂದು ಸಹಿ ಬೇಕು ಸಿಸ್ಟರ್."

"ಒಂದೂ ಬಿಡದೆ ಅಂದ್ರೆ? ಕೆಂಪು ಸಾಲಿಗೆ ಜಾಗವೇ ಇರ್ಲಿಲ್ಲ ಅಲ್ವಾ?"

"ಈಗ ಉಂಟು. ನಿನ್ನೆ ಮಂಗಳೂರಿನಿಂದ ಬಂದು ಹಾಕಿಕೊಟ್ಟು ಹೋದ್ರು." ಅವನು ಕಂಪ್ಯೂಟರಿನ ತೆರೆಯನ್ನು ಅವಳ ಕಡೆ ತಿರುಗಿಸಲಿಲ್ಲ. "ನೋಡಿ ಸಿಸ್ಟರ್, ಮಾವನಿಗೆ ಅರುವತ್ತೆಂಟು. ಈ ಆಸ್ಪತ್ರೆ ಮುಚ್ಚಿದ್ರೆ ಈ ಊರಿನವರು ರಾತ್ರಿ ಹೆರಿಗೆಗೆ ಎಲ್ಲಿಗೆ ಹೋಗ್ಬೇಕು? ಸತ್ತವರು ಹೇಗೂ ಬರುದಿಲ್ಲ. ನಾನು ನಿಮ್ಮ ಹೆಸರು ಎಲ್ಲಿಯೂ ತರುದಿಲ್ಲ."

ಆ ಕೊನೆಯ ಮಾತು ಜೆರ್ಟ್ರೂಡಳನ್ನು ಹಿಡಿಯಿತು. ಆ ಕಾರ್ಡಿನಲ್ಲಿ ಕೆಂಪು ಸಾಲು ಇತ್ತು, ಅದನ್ನು ಬರೆದಿಡದೆ ಬಿಟ್ಟವಳು ತಾನು ಎಂದು ಅವಳು ಮೂರು ದಿನದಿಂದ ಯಾರಿಗೂ ಹೇಳಿರಲಿಲ್ಲ. ಪೆನ್ನು ತೆಗೆದುಕೊಂಡು ಸಹಿ ಹಾಕಿದಳು.

ಮರುದಿನ ರೋಸಲಿನಳನ್ನು ಕೆಲಸದಿಂದ ನಿಲ್ಲಿಸಿದರು. ರೋಗಿಯನ್ನು ಸರಿಯಾಗಿ ವಿಚಾರಿಸದೆ ಇಂಜೆಕ್ಷನ್ ಕೊಟ್ಟಳು ಎಂದು ಕಾಗದದಲ್ಲಿ ಬರೆದಿತ್ತು. ಹುಡುಗಿ ಅಳಲೂ ಇಲ್ಲ. ಯೂನಿಫಾರ್ಮನ್ನು ಮಡಚಿ ಚೀಲಕ್ಕೆ ಹಾಕಿಕೊಂಡು, "ನಾನು ಕೇಳಿದ್ದೆ ಸಿಸ್ಟರ್. ಡಾಕ್ಟರರ ಹತ್ತಿರವೂ ಹೇಳಿದ್ದೆ," ಎಂದಷ್ಟೇ ಹೇಳಿ ಗೇಟು ದಾಟಿದಳು. ಜೆರ್ಟ್ರೂಡ್ ಮೆಟ್ಟಿಲು ಹತ್ತಿ ಮೇಲಿನ ವಾರ್ಡಿಗೆ ಹೋದಳು.

ಎರಡು ದಿನ ಬಿಟ್ಟು, ಕೃಷ್ಣಕುಮಾರ ಊಟಕ್ಕೆ ಹೋದ ಹೊತ್ತಿಗೆ, ಅವಳು ನೋಟ್‌ಬುಕ್ ಹಿಡಿದುಕೊಂಡು ಕಂಪ್ಯೂಟರಿನ ಮುಂದೆ ಕೂತಳು. ಕಾಲಮ್ಮು ಬಂದಿದೆಯಲ್ಲ, ಮೂವತ್ತೇಳು ಜನರದ್ದಾದರೂ ತುಂಬಿಸೋಣ ಎಂದು. ಮೊದಲ ಹೆಸರು ಒಬ್ಬ ಕುಂಞ. ಅವನಿಗೆ ಪೆನ್ಸಿಲಿನ್ ಆಗದು. ನಂಬರು ಒತ್ತಿದಳು. ಹೊಸ ಕಾಲಮ್ಮು ಖಾಲಿ ಇರಲಿಲ್ಲ. ಅದರಲ್ಲಿ 'ನಿಲ್' ಎಂದು ಇತ್ತು. ಏನೂ ಇಲ್ಲ ಎಂದು ಅರ್ಥ. ಎರಡನೆಯವರದು ನೋಡಿದಳು, ನಿಲ್. ಹತ್ತನೆಯದು, ಇಪ್ಪತ್ತನೆಯದು. ನೋಟ್‌ಬುಕ್ ಬಿಟ್ಟು ಮನಸ್ಸಿಗೆ ಬಂದ ನಂಬರುಗಳನ್ನು ಒತ್ತಿ ನೋಡಿದಳು. ಎಲ್ಲರಿಗೂ ನಿಲ್. ಕಿನ್ನಿಗೂ.

ಕೃಷ್ಣಕುಮಾರ ಬಂದಾಗ ಅವಳು ಎದ್ದು ನಿಂತಿದ್ದಳು.

"ಇದನ್ನು ಯಾರು ಹಾಕಿದ್ದು?"

"ಖಾಲಿ ಬಿಟ್ಟರೆ ಪ್ರೋಗ್ರಾಮ್ ತೆಗೆದುಕೊಳ್ಳುದಿಲ್ಲ ಅಂತೆ. ಒಂದೇ ಸಲಕ್ಕೆ ಎಲ್ಲದಕ್ಕೂ ಹಾಕಿದ್ರು."

"ನಾಲ್ಕು ಸಾವಿರ ಜನರಿಗೂ?"

"ಆಮೇಲೆ ಒಬ್ಬೊಬ್ಬರು ಬಂದ ಹಾಗೆ ಕೇಳಿ ತಿದ್ದುವಾ ಸಿಸ್ಟರ್."

"ಎಂತ ತಿದ್ದುದು ಮಾರಾಯ್ರೆ! ಮೊದಲು ಏನೂ ಬರೆದಿರ್ಲಿಲ್ಲ. ನೋಡಿದವರಿಗೆ ಒಂದು ಸಂಶಯ ಆದರೂ ಬರ್ತಿತ್ತು. ಈಗ ಇಲ್ಲ ಅಂತಲೇ ಬರೆದು ಉಂಟು. ನಾಳೆ ಇನ್ನೊಂದು ಹುಡುಗಿ ಇದನ್ನು ನೋಡಿ ಸೂಜಿ ಹಾಕ್ತಾಳೆ."

ಅವನು ಕುರ್ಚಿಯಲ್ಲಿ ಕೂತು ಎರಡೂ ಕೈಯಿಂದ ಮುಖ ಉಜ್ಜಿಕೊಂಡ. ತಪ್ಪು ಅವನಿಗೂ ಗೊತ್ತಾಗಿದೆ, ಆದರೆ ಅವನು ಹಿಂದೆ ಸರಿಯುವವನಲ್ಲ ಎಂಬುದು ಅವಳಿಗೆ ತಿಳಿಯಿತು. ಮೂವತ್ತೇಳು ಹೆಸರನ್ನು ಅವಳು ಆ ಹೊತ್ತೇ ತಿದ್ದಿದಳು. ಅವನು ತಡೆಯಲಿಲ್ಲ. ಸಾವಿರದ ನೂರ ನಲವತ್ತೊಂದರಿಂದ ಮುಂದೆ ತಿದ್ದಲು ಅವಳ ಹತ್ತಿರ ಏನೂ ಇರಲಿಲ್ಲ.

ಅಲ್ಲಿಂದ ಸೀದಾ ಬಸ್ಸು ಹಿಡಿದು ಮೊಗ್ರಾಲಿಗೆ ಹೋದಳು. ಬೋಜನ ಮನೆ ಅಳಿವೆಯ ಹತ್ತಿರ. ಕಿನ್ನಿಯ ಎಂಟು ವರ್ಷದ ಮಗಳು ಅಜ್ಜಿಯ ಪಕ್ಕ ಕೂತಿದ್ದಳು. ಬೋಜ ಎದ್ದು, "ಕೂತ್ಕೊಳ್ಳಿ ಬಾಯಮ್ಮಾ," ಎಂದು ಜೆರ್ಟ್ರೂಡಳಿಗೆ ಸ್ಟೂಲು ಕೊಟ್ಟ. ಅವಳು ಕೂರಲಿಲ್ಲ. ನಿಂತುಕೊಂಡೇ ಎಲ್ಲವನ್ನೂ ಹೇಳಿದಳು: ಎಂಟು ವರ್ಷದ ಹಿಂದಿನ ಕೆಂಪು ಸಾಲು, ಕಾಲಮ್ಮು ಇಲ್ಲದ್ದು, ನೋಟ್‌ಬುಕ್ ಅರ್ಧಕ್ಕೆ ನಿಂತದ್ದು, ತಾನು ಹಾಕಿದ ಸಹಿ. ಆ ಹುಡುಗಿಯದು ತಪ್ಪಿಲ್ಲ ಎಂದೂ ಹೇಳಿದಳು.

ಬೋಜ ಕೇಳಿದ: "ಬಾಯಮ್ಮಾ, ಅವಳ ಕಾರ್ಡು ಕೈಗೆ ಬಂದಾಗ ನಿಮಗೆ ಅವಳ ನೆನಪು ಆಗಲಿಲ್ವಾ?"

ಆಗಲಿಲ್ಲ ಎಂದು ಹೇಳಿಬಿಡಬಹುದಿತ್ತು. ನಾಲ್ಕು ಸಾವಿರ ಕಾರ್ಡಿನಲ್ಲಿ ಒಂದು. ಯಾರೂ ನಂಬುವ ಮಾತು.

"ಆಗಿತ್ತು," ಎಂದಳು ಜೆರ್ಟ್ರೂಡ್. "ಕೆಂಪು ಸಾಲು ನೋಡಿ ನಿಮ್ಮ ಹೆಂಡತಿಯ ಮುಖ ಕಣ್ಣಿಗೆ ಬಂದಿತ್ತು. ನಾಳೆ ಬರೆಯುವಾ ಅಂತ ಆ ಕಾರ್ಡನ್ನು ಬದಿಗೆ ಇಟ್ಟೆ. ಮರುದಿನ ವಾರ್ಡಿನಲ್ಲಿ ಪುರುಸೊತ್ತು ಆಗಲಿಲ್ಲ. ಮತ್ತೆ ಅದು ಉಳಿದ ಕಾರ್ಡುಗಳೊಟ್ಟಿಗೆ ಹೋಯಿತು."

ಬೋಜ ಕೊಟ್ಟಿದ್ದ ಸ್ಟೂಲನ್ನು ಎತ್ತಿಕೊಂಡು ಒಳಗೆ ಹೋದ. ಮುದುಕಿ ಮೊಮ್ಮಗಳ ಕೈ ಹಿಡಿದು ಅವನ ಹಿಂದೆ ಹೋದಳು. ಬಾಗಿಲು ಮುಚ್ಚಿತು.

ಜೆರ್ಟ್ರೂಡ್ ನಡೆದದ್ದನ್ನೆಲ್ಲ ತಿಳಿಸಿ ವಿದ್ಯಾನಗರದ ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ ಬರೆದಳು, ನೋಟ್‌ಬುಕ್ಕನ್ನೂ ಜೊತೆಗೆ ಕೊಟ್ಟಳು. ಅದೇ ವಾರ ಆಸ್ಪತ್ರೆಯವರು ಅವಳನ್ನು ಕೆಲಸದಿಂದ ತೆಗೆದರು. ವಿಚಾರಣೆ ಮುಗಿಯಲು ಒಂಬತ್ತು ತಿಂಗಳು ಹಿಡಿಯಿತು. ಅಧಿಕಾರಿ ಸೌಮ್ಯ ಮನುಷ್ಯ. ಎರಡು ಕಾಗದವನ್ನೂ ಅಕ್ಕಪಕ್ಕ ಇಟ್ಟು ಕೇಳಿದರು:

"ಒಂದೂ ಬಿಡದೆ ಸೇರಿಸಿದ್ದೇನೆ ಅಂತ ಇದರಲ್ಲಿ ನಿಮ್ಮ ಸಹಿ. ಸೇರಿಸಲಿಲ್ಲ ಅಂತ ಅದರಲ್ಲಿಯೂ ನಿಮ್ಮದೇ ಸಹಿ. ನಾನು ಯಾವುದನ್ನು ತೆಗೆದುಕೊಳ್ಳಬೇಕು?"

"ಎರಡನೆಯದು ಸರ್. ಮೊದಲನೆಯದು ಹೆದರಿ ಹಾಕಿದ್ದು."

"ಆ ಕಾರ್ಡು ಉಂಟಾ?"

"ಇಲ್ಲ."

"ಆ ರೋಗಿಯ ಹೆಸರು ನಿಮ್ಮ ನೋಟ್‌ಬುಕ್ಕಿನಲ್ಲಿ ಉಂಟಾ?"

"ಇಲ್ಲ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕಾಲಮ್ಮನ್ನು ಯಾವ ದಿನ ಸೇರಿಸಿದರು ಎನ್ನುವುದನ್ನು ಕಂಪ್ಯೂಟರು ಹೇಳುತ್ತಿರಲಿಲ್ಲ. ಮೊದಲಿನಿಂದಲೂ ಇತ್ತು ಎಂದು ಕೃಷ್ಣಕುಮಾರ ಬರೆದುಕೊಟ್ಟಿದ್ದ. ಹಾಗಲ್ಲ ಎಂದು ತೋರಿಸಲು ಯಾರಲ್ಲಿಯೂ ಏನೂ ಇರಲಿಲ್ಲ.

ವರದಿ ಬಂತು. ರೋಸಲಿನ್ ಮೇಲಧಿಕಾರಿಯ ಮಾತಿನಂತೆ ನಡೆದವಳು, ಅವಳ ಮೇಲೆ ಕ್ರಮ ಬೇಡ. ದಾಖಲೆ ವರ್ಗಾಯಿಸುವಾಗ ಹೆಡ್ ನರ್ಸ್ ನಿರ್ಲಕ್ಷ್ಯ ತೋರಿದ್ದಾರೆ. ಮುಂದೆ ಪ್ರತಿಯೊಬ್ಬ ರೋಗಿಯನ್ನೂ ಕೇಳಿ ಆ ಕಾಲಮ್ಮನ್ನು ಹೊಸದಾಗಿ ತುಂಬಿಸಬೇಕು. ಡಾಕ್ಟರರ ಬಗ್ಗೆ ಒಂದು ಸಾಲೂ ಇರಲಿಲ್ಲ. ತನ್ನ ಬಗ್ಗೆ ಬರೆದದ್ದನ್ನು ಜೆರ್ಟ್ರೂಡ್ ಎರಡು ಸಲ ಓದಿದಳು. ಅದರಲ್ಲಿ ಸುಳ್ಳು ಎನ್ನುವಂಥದ್ದು ಏನೂ ಅವಳಿಗೆ ಸಿಗಲಿಲ್ಲ. ಮೇಲ್ಮನವಿ ಹಾಕಲಿಲ್ಲ.

ವರದಿ ಬಂದ ಮೇಲೆ ಒಂದು ಭಾನುವಾರ ರೋಸಲಿನ್ ಕುಂಜತ್ತೂರಿನ ಜೆರ್ಟ್ರೂಡಳ ಮನೆಗೆ ಬಂದಳು. ತೆಳ್ಳಗಾಗಿದ್ದಳು. ಮಂಗಳೂರಿನ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದಾಳಂತೆ.

"ಆಸ್ಪತ್ರೆಯವರು ವಾಪಸ್ ಬಾ ಅಂತ ಕಾಗದ ಹಾಕಿದ್ದಾರೆ. ನಾನು ಹೋಗುದಿಲ್ಲ ಸಿಸ್ಟರ್. ಸಿರಿಂಜ್ ಕೈಗೆ ತೆಗೆದುಕೊಂಡ್ರೆ ಬೆರಳು ನಿಲ್ಲುದಿಲ್ಲ."

ಜೆರ್ಟ್ರೂಡ್ ಚಹಾ ಮಾಡಿಕೊಟ್ಟಳು. ಹುಡುಗಿ ಅರ್ಧ ಕುಡಿದು ಲೋಟ ಕೆಳಗಿಟ್ಟಳು.

"ಆ ಅಕ್ಕ ಹೇಳಿದ್ರಲ್ಲ, ಒಂದು ಸೂಜಿ ಆಗುದಿಲ್ಲ ಅಂತ. ನಾನು ಡಾಕ್ಟರರನ್ನು ಇನ್ನೊಂದು ಸಲ ಕೇಳ್ಬೇಕಿತ್ತಾ?"

ಸಮಾಧಾನದ ಮಾತೊಂದು ಜೆರ್ಟ್ರೂಡಳ ನಾಲಿಗೆಯ ತುದಿಯವರೆಗೆ ಬಂತು. ಅದನ್ನು ನುಂಗಿಕೊಂಡಳು.

"ಕೇಳ್ಬೇಕಿತ್ತು ಮಗಾ," ಎಂದಳು. "ನಾನು ಬರೆಯಬೇಕಿತ್ತು. ಡಾಕ್ಟರರು ತಲೆ ಎತ್ತಿ ನೋಡ್ಬೇಕಿತ್ತು. ನಿನ್ನದು ಎಲ್ಲಕ್ಕಿಂತ ಸಣ್ಣದು. ಆದರೆ ಇಲ್ಲ ಅಂತ ನಾನು ಹೇಳುದಿಲ್ಲ."

ರೋಸಲಿನ್ ಮೆಲ್ಲಗೆ ತಲೆಯಾಡಿಸಿದಳು. ಅಷ್ಟು ದಿನಗಳಲ್ಲಿ ಯಾರೂ ಅವಳಿಗೆ ಹಾಗೆ ಹೇಳಿರಲಿಲ್ಲವೇನೋ. ಆಗ ಅವಳು ಅತ್ತಳು, ಸೀರೆಯ ಸೆರಗನ್ನು ಬಾಯಿಗೆ ಒತ್ತಿಕೊಂಡು, ಸದ್ದಿಲ್ಲದೆ. ಜೆರ್ಟ್ರೂಡ್ ಅವಳ ಪಕ್ಕದಲ್ಲಿ ಕೂತಿದ್ದಳು. ನಾಲ್ಕೂವರೆಯ ಬಸ್ಸಿಗೆ ಹೊತ್ತಾದಾಗ ಇಬ್ಬರೂ ಎದ್ದು ಹೆದ್ದಾರಿಯ ಕಡೆಗೆ ನಡೆದರು.