ನಾಲ್ಕನೇ ಲೇನಿಗೆ ಕಾದವಳು

ಮಧ್ಯಾಹ್ನ ಮೂರೂವರೆಯವರೆಗೆ ಹೆಸರು ಹಿಂತೆಗೆದುಕೊಳ್ಳಬಹುದು. ಹಾಗೆ ಹಿಂತೆಗೆದುಕೊಂಡರೆ ಆ ಜಾಗಕ್ಕೆ ಮೀಸಲು ಓಟಗಾರ್ತಿಯರಲ್ಲಿ ಮೊದಲನೆಯವಳು ಬರುತ್ತಾಳೆ. ಮೂರೂವರೆ ದಾಟಿದ ಮೇಲೆ ಯಾರಾದರೂ ಬಾರದಿದ್ದರೆ ಅವರ ಲೇನ್ ಖಾಲಿಯೇ ಉಳಿಯುತ್ತದೆ. ನಾನೂರು ಮೀಟರ್ ಓಟದ ಪಟ್ಟಿ ಕ್ರೀಡಾಕೂಟದ ಕಚೇರಿಯಲ್ಲಿ ನನ್ನ ಮೇಜಿನ ಮೇಲಿತ್ತು. ನಾಲ್ಕನೇ ಲೇನಿನಲ್ಲಿ ನನ್ನ ನಾದಿನಿಯ ಹೆಸರು. ಅವಳು ಓಡುವುದಿಲ್ಲ ಎಂಬುದು ಇಡೀ ಕ್ರೀಡಾಂಗಣದಲ್ಲಿ ನನಗೊಬ್ಬಳಿಗೇ ಗೊತ್ತಿತ್ತು.

ಅವಳ ಅಣ್ಣ ನನ್ನ ಗಂಡ. ಏಳು ತಿಂಗಳ ಹಿಂದೆ, ಕೆಲಸ ಮುಗಿಸಿ ಬರುತ್ತಿದ್ದವನನ್ನು ಪೊಲೀಸರು ರಸ್ತೆ ತಿರುವಿನಲ್ಲಿ ತಡೆದರು. ಮುಂದಿನ ಮೂರು ಗಾಡಿಗಳನ್ನು ಬಿಟ್ಟು ಅವನದನ್ನೇ ತಡೆದರು. ಆ ಗಾಡಿಗಳಲ್ಲಿದ್ದವರ ಮೈಬಣ್ಣ ಬೇರೆ. ಅವನು ಜೀವಂತ ಮನೆಗೆ ಬರಲಿಲ್ಲ. ವಿಚಾರಣೆ ನಡೆಯಿತು, ಯಾರದೂ ತಪ್ಪಿಲ್ಲ ಎಂದಾಯಿತು. ಇದಕ್ಕಿಂತ ಹೆಚ್ಚು ಬರೆಯಲಾರೆ.

ಓಟದ ದಿನ ಬೆಳಗ್ಗೆ ಅಡುಗೆಮನೆಯಲ್ಲಿ ಅತ್ತೆ ಮಗಳ ಕೈ ಹಿಡಿದುಕೊಂಡಿದ್ದರು.

"ಓಡೇ. ಗೆದ್ದು ಅವರ ಮೂತಿಗೆ ಹೊಡೆದ ಹಾಗೆ ನಿಲ್ಲು. ನಿಮ್ಮಣ್ಣ ಬೆಳಗಾಗೆದ್ದು ನಿನ್ನ ಹಿಂದೆ ಸೈಕಲ್ ತುಳಿದಿದ್ದು ನೀನು ಮನೇಲಿ ಕೂತಿರಲಿ ಅಂತಾನಾ?"

"ಗೆದ್ರೆ ಬಾವುಟ ಹೊದಿಸ್ತಾರಮ್ಮ. ನಮ್ಮ ಹುಡುಗಿ ಅಂತಾರೆ. ಓಡೋವಷ್ಟು ಹೊತ್ತು ನಮ್ಮ ಹುಡುಗಿ, ರಸ್ತೆಗಿಳಿದ್ರೆ ಯಾರೋ."

"ಓಡದಿದ್ರೆ ನಷ್ಟ ಯಾರಿಗೆ? ಮೂಗು ಕೊಯ್ಕೊಂಡು ಅಪಶಕುನ ಮಾಡಿದ ಹಾಗೆ."

"ಅತ್ತಿಗೆ, ನೀವು ಹೇಳಿ."

ನಾನು ತಟ್ಟೆ ತೊಳೆಯುತ್ತಿದ್ದೆ. "ನಿನ್ನ ಕಾಲು, ನಿನ್ನಿಷ್ಟ" ಎಂದೆ.

ಅತ್ತೆ ಒಳಗೆ ಹೋದ ಮೇಲೆ ಅವಳು ಹತ್ತಿರ ಬಂದು ಪಿಸುಗುಟ್ಟಿದಳು. "ಮೊದಲೇ ಹೇಳಿದ್ರೆ ಬೇರೆ ಯಾರನ್ನಾದ್ರೂ ನಿಲ್ಲಿಸ್ತಾರೆ. ಎಂಟೂ ಲೇನು ತುಂಬಿಬಿಡುತ್ತೆ, ನಾನಿಲ್ಲ ಅನ್ನೋದೇ ಗೊತ್ತಾಗಲ್ಲ. ಖಾಲಿ ಇರಬೇಕು ಅತ್ತಿಗೆ, ಟಿವೀಲಿ ಕಾಣಬೇಕು. ಆಮೇಲೆ ಗೇಟಿನ ಹತ್ರ ನಿಂತು ಯಾಕೆ ಅಂತ ಹೇಳ್ತೀನಿ. ಮೂರೂವರೆವರೆಗೆ ಬಾಯಿ ಬಿಡಬೇಡಿ."

ಹತ್ತು ಗಂಟೆಗೆ, ಮೀಸಲು ಓಟಗಾರ್ತಿಯರಲ್ಲಿ ಮೊದಲನೆಯವಳಾದ ಉದ್ದ ಜಡೆಯ ಹುಡುಗಿ ಪಾದ ಉಳುಕಿಸಿಕೊಂಡಳು. ಎರಡನೆಯ ಹೆಸರನ್ನು ಮೇಲಕ್ಕೆ ತಂದವಳು ನಾನೇ. ಅದು ಗುಬ್ಬಿಯದು. ಸಣ್ಣ ಮೈ, ಕುಪ್ಪಳಿಸುವ ನಡಿಗೆ. ಎಲ್ಲರೂ ಹಾಗೇ ಕರೆಯುತ್ತಾರೆ. ನಮ್ಮದೇ ಬಣ್ಣದವಳು. ನಾದಿನಿಯ ಜೊತೆ ಮೂರು ವರ್ಷ ಅಭ್ಯಾಸ ಮಾಡಿದರೂ ಇಂಥ ದೊಡ್ಡ ಕೂಟದಲ್ಲಿ ಒಮ್ಮೆಯೂ ಓಡಿದವಳಲ್ಲ.

ಎರಡೂವರೆಗೆ ಅವಳು ನಮ್ಮ ಕೋಣೆಯ ಕಿಟಕಿಯಲ್ಲಿ ಮುಖ ತೂರಿಸಿದಳು.

"ಅಕ್ಕಾ, ಯಾರಾದ್ರೂ ಬಿಟ್ರಾ?"

"ಇಲ್ಲ."

"ಬಸ್ಸಲ್ಲಿ ಯಾರಾದ್ರೂ ಇಳೀತಾರಾ ಅಂತ ಸೀಟಿನ ಪಕ್ಕ ನಿಂತೋರ ಪಾಡಾಗಿದೆ ನಂದು."

ಪಕ್ಕದ ಮೇಜಿನಲ್ಲಿದ್ದ ಮುಖ್ಯ ತೀರ್ಪುಗಾರರು ಕನ್ನಡಕದ ಮೇಲಿಂದ ನೋಡಿದರು. "ಹಾಗಂತ ಯಾರ ಕಾಲೂ ತುಳಿಬೇಡ ತಾಯಿ."

"ಮನಸ್ಸಲ್ಲೇ ತುಳೀತಿದ್ದೀನಿ ಸರ್."

ಅವರು ನಕ್ಕರು. ನಾನೂ ನಗಬೇಕಿತ್ತು.

ಎರಡೂ ಮುಕ್ಕಾಲಿಗೆ ಮತ್ತೆ ಬಂದಳು. ಮೂರಕ್ಕೆ ಮತ್ತೆ. ಬೆವರು ಆರಿದರೆ ಹೋಗಿ ಓಡಿ ಮೈ ಬಿಸಿ ಮಾಡಿಕೊಂಡು ಬರುತ್ತಿದ್ದಳು. ಪ್ರತಿ ಸಲವೂ ನಾನು ಪಟ್ಟಿ ನೋಡಿದಂತೆ ಮಾಡಿ ಇಲ್ಲ ಎನ್ನುತ್ತಿದ್ದೆ. ಹಿಡಿದು ಹಿಡಿದು ಕಾಗದದ ಅಂಚು ಮುದುಡಿತ್ತು. ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಓದಿದವಳು ನಾನು. ಎಂಟರಲ್ಲಿ ಒಂದು ಕಡಿಮೆಯಾದರೆ ಎಷ್ಟು ಮಂದಿ ಗಮನಿಸುತ್ತಾರೆಂದು ಅಂದಾಜು ಮಾಡಲು ಹೋದೆ. ಆಗಲಿಲ್ಲ.

ಮೂರೂ ಹತ್ತಕ್ಕೆ ನಾದಿನಿ ಫೋನ್ ಮಾಡಿದಳು. ಶೌಚಾಲಯದೊಳಗಿನಿಂದ ಇರಬೇಕು, ದನಿ ಗೋಡೆಗೆ ಬಡಿದು ಬರುತ್ತಿತ್ತು.

"ಯಾರಿಗೂ ಅನುಮಾನ ಇಲ್ಲ ತಾನೆ ಅತ್ತಿಗೆ? ಕಾಯ್ತಾ ಇರೋಳು ಆ ಉದ್ದ ಜಡೆಯವಳೇ ಅಲ್ವಾ? ಅವಳಿಗೆ ಮುಂದಿನ ವಾರ ಬೇರೆ ಓಟ ಇದೆ. ಬೇರೆ ಯಾರಾದ್ರೂ ಆಗಿದ್ರೆ ನನ್ನ ಕೈಲಾಗ್ತಿರಲಿಲ್ಲ."

ಗುಬ್ಬಿ ಕಿಟಕಿಯಾಚೆ ಷೂ ಲೇಸು ಬಿಚ್ಚಿ ಮತ್ತೆ ಕಟ್ಟುತ್ತಿದ್ದಳು.

"ಅವಳೇ" ಎಂದೆ.

ಏಳು ತಿಂಗಳಿಂದ ನಾನು ಏನನ್ನೂ ಬಯಸಿರಲಿಲ್ಲ. ಊಟ, ನಿದ್ದೆ, ನ್ಯಾಯ, ಯಾವುದನ್ನೂ. ಆ ಲೇನ್ ಖಾಲಿ ಇರಬೇಕೆಂದು ಮಾತ್ರ ಬಯಸಿದೆ.

ಮೂರೂ ಇಪ್ಪತ್ತೆಂಟಕ್ಕೆ ಗುಬ್ಬಿ ಮತ್ತೆ ಕಿಟಕಿಗೆ ಬಂದಳು. ಗೋಡೆ ಗಡಿಯಾರ ನೋಡಿದಳು. ಮೂರೂವರೆಯಾಗುತ್ತಲೇ ತೀರ್ಪುಗಾರರು ಪಟ್ಟಿಯನ್ನು ಎಳೆದುಕೊಂಡು ಮೊಹರು ಒತ್ತಿದರು. "ಮುಗೀತಮ್ಮ. ಮುಂದಿನ ಸಲ."

"ಪರವಾಗಿಲ್ಲ ಸರ್" ಎಂದು ಹೊರಟಳು.

ನಾಲ್ಕಕ್ಕೆ ಏಳು ಮಂದಿ ಗೆರೆಯಲ್ಲಿ ಬಗ್ಗಿದರು. ಮೂರು ಮತ್ತು ಐದರ ನಡುವೆ ಕೆಂಪು ನೆಲ ಬಿದ್ದುಕೊಂಡಿತ್ತು. ಮೈಕಿನಲ್ಲಿ "ನಾಲ್ಕನೇ ಲೇನ್, ಗೈರು" ಎಂದರು. ಗುಂಡು ಸಿಡಿಯಿತು. ಕ್ಯಾಮೆರಾ ಓಡುವವರನ್ನು ಬಿಟ್ಟು ಒಂದು ಕ್ಷಣ ಅಲ್ಲೇ ನಿಂತಿತು. ಓಟ ಮುಗಿದು ಸ್ವಲ್ಪ ಹೊತ್ತಿಗೆಲ್ಲ ಗೇಟಿನ ಬಳಿ ನಾದಿನಿ ಹೇಳಿದ್ದು ಎಲ್ಲರ ಫೋನಿಗೂ ಬಂದಿತ್ತು. ಅವಳ ಬಾಯಲ್ಲಿ ನನ್ನ ಗಂಡನ ಹೆಸರು ಕೇಳಿಸಿತು. ಅಳು ಬರುತ್ತದೆಂದುಕೊಂಡೆ, ಬರಲಿಲ್ಲ.

ಗುಬ್ಬಿ ಈ ಸಲ ಕಿಟಕಿಗೆ ಬರಲಿಲ್ಲ. ಬಾಗಿಲು ತೆರೆದು ಮೇಜಿನ ಎದುರಿಗೇ ಬಂದಳು.

"ನಿಮಗೆ ಗೊತ್ತಿತ್ತಾ ಅಕ್ಕ?"

"ಗೊತ್ತಿತ್ತು."

"ನಂಗೆ ಹೇಳೋಕೆ ಏನಾಗಿತ್ತು? ನಾನೇನು ಹೊರಗಿನವಳಾ?"

"ಹೇಳಿದ್ರೆ ನೀನು ಓಡ್ತಿದ್ದೆ."

"ಓಡ್ತಿದ್ದೆನೋ, ಬಿಡ್ತಿದ್ದೆನೋ, ನಂಗೇ ಗೊತ್ತಿಲ್ಲ. ಬಿಟ್ಟಿದ್ರೆ ನಾನು ಬಿಟ್ಟೆ ಅಂತಾದ್ರೂ ಆಗ್ತಿತ್ತು. ನನ್ನ ತಮ್ಮನ್ನೂ ಎರಡು ಸಲ ತಡೆದಿದ್ದಾರೆ ಅಕ್ಕ. ಈಗ ನಾನು ಓಡಲೂ ಇಲ್ಲ, ಬಿಡಲೂ ಇಲ್ಲ. ಯಾರಾದ್ರೂ ಬಿಟ್ರಾ, ಯಾರಾದ್ರೂ ಬಿಟ್ರಾ ಅಂತ ಕೇಳ್ತಾ ಇದ್ದೆ, ಅಷ್ಟೆ."

ತೀರ್ಪುಗಾರರು ಎದ್ದು ಹೊರಗೆ ಹೋದರು.

ಮೇಜಿನ ಮೇಲೆ ಫೋನ್ ನಡುಗತೊಡಗಿತು. ನಾದಿನಿ. ಜನ ಏನಂದರು ಎಂದು ಕೇಳಲು ಇರಬೇಕು. ಗುಬ್ಬಿಯೂ ಆ ಹೆಸರು ನೋಡಿದಳು, ಆದರೆ ಕದಲಲಿಲ್ಲ.

"ಎತ್ತಿ ಅಕ್ಕ" ಎಂದಳು. "ಆ ಲೇನಿಗೆ ಕಾದೋಳು ಇಲ್ಲಿದ್ದಾಳೆ ಅಂತ ಹೇಳಿ."

ನಾನು ಫೋನ್ ಎತ್ತಿಕೊಂಡೆ.