ಯಂಕವ್ವನ ಉಳಿದ ಕಣ್ಣು

ಮರಾಠಿ ನಾಡಿನ ನಿಗಡಿಯಲ್ಲಿ, ಕಾರ್ಮಿಕರ ಸಾಲುಮನೆಗಳ ಒಂದು ಚಾಳಿನಲ್ಲಿ ಯಂಕವ್ವ ಮತ್ತು ಅವಳ ಸೊಸೆ ಶರಣಮ್ಮ ಜೋಳದ ರೊಟ್ಟಿ ಮಾಡಿ ಮಾರುತ್ತಿದ್ದರು. ಸುತ್ತಲಿನ ಕನ್ನಡದ ಮನೆಗಳಿಗೆಲ್ಲ ಅವರದೇ ರೊಟ್ಟಿ. ೨೦೦೪ರ ದೀಪಾವಳಿ ಕಳೆದ ಮೇಲೆ ರೊಟ್ಟಿಗಳು ಸೀದು ಬರತೊಡಗಿದವು. ಗಿರಾಕಿಗಳು ಗೊಣಗಿದರು. ಯಂಕವ್ವನ ಬೆರಳುಗಳ ಮೇಲೆ ಎದ್ದ ಬೊಬ್ಬೆಗಳ ಬಗ್ಗೆ ಯಾರೂ ಕೇಳಲಿಲ್ಲ.

ಕೇಳಿದವರು ಇಂದೂ ಎಂಬ ಗಿರಾಕಿ ಒಬ್ಬರೇ. ಅವರು ಅದೇ ಸೀಮೆಯ ಶಿವಾಜಿನಗರದ ಪ್ರಯೋಗಾಲಯವೊಂದರಲ್ಲಿ ಕಣ್ಣಿನ ಪೊರೆಯ ಬಗ್ಗೆ ಸಂಶೋಧನೆ ಮಾಡುವ ವಿಜ್ಞಾನಿ. ರೊಟ್ಟಿ ಒಯ್ಯಲು ಬಂದಾಗ, ಯಂಕವ್ವ ಕಾದ ಹಂಚನ್ನು ಕೈಯಿಂದ ತಡವಿ ಹುಡುಕುವುದು ಕಂಡಿತು.

"ಯಂಕವ್ವಾ, ಕಣ್ಣು ಕಾಣಸ್ತಾವೇನ್ರಿ?"

"ಎಡಗಣ್ಣು ಹ್ವಾದ ವರ್ಷನ ಹೋತು ನಮ್ಮವ್ವಾ. ಕೆಂಪಾಗಿ, ತಲಿ ಸಿಡದು, ವಾಂತಿ ಆತು. ಪಿತ್ತ ಅಂತ ಶುಂಠಿ ಕುಡಿಸಿದ್ರು. ದವಾಖಾನಿಗೆ ಹೋಗೂದ್ರಾಗ ಪೂರಾ ಕತ್ತಲಾಗಿತ್ತು. ಈಗ ಬಲಗಣ್ಣಾಗ ಮಂಜು ಮಂಜು ಅದ."

ಕಾರ್ಖಾನೆಯಲ್ಲಿ ದುಡಿಯುವ ಮಗ ಅಂಬಾರಾಯ ಒಳಗಿನಿಂದ ಒಂದು ಡಬ್ಬಿ ತಂದು ತೋರಿಸಿದ.

"ಇಲಾಜು ನಡದದ ಅಕ್ಕೋರೆ. ಮೋತಿಬಿಂದು ಅದು, ಕಣ್ಣಿನ ಪೊರಿ. ಈ ಗುಳಿಗಿಗೆ ಪೊರಿ ಕರಗಿದ್ರ ಪಾಡಾತು. ಇಲ್ಲಂದ್ರ ಹಣ್ಣಾದ ಮ್ಯಾಲ ಆಪರೇಶನ್."

"ಹಣ್ಣಾಗಾಕ ಅದೇನು ಮಾವಿನಕಾಯಿ ಏನಪಾ, ಹುಲ್ಲಿನ್ಯಾಗ ಇಟ್ಟು ಕಾಯಾಕ?" ಇಂದೂ ಅವರ ದನಿ ಬಿರುಸಾಯಿತು. "ಎಡಗಣ್ಣು ಹಂಗ ಕಾಯ್ದ ಹೋಗೇದ. ಪೊರಿ ಭಾಳ ದಿನ ಬಿಟ್ರ ಕಣ್ಣಾಗಿನ ಒತ್ತಡ ಏರಬಹುದು. ಒತ್ತಡಕ್ಕ ನರ ಸಾಯತದ. ಸತ್ತ ನರ ತಿರುಗಿ ಬರೂದಿಲ್ಲ."

"ಗುಳಿಗಿ ದೊಡ್ಡ ವಿಜ್ಞಾನಿ ಕಂಡುಹಿಡದದ್ದರಿ. ಸಂತ್ಯಾಗ ಮಾರಾವ ಪೇಪರಿನಾಗಿನ ಫೋಟೋ ಸುದ್ದಾ ತೋರಿಸ್ಯಾನ."

ಡಬ್ಬಿಯ ಮೇಲೆ 'ಆಕ್ಸಿಡೇಟಿವ್ ಸ್ಟ್ರೆಸ್ ಓಡಿಸಿ, ಪೊರೆ ಕರಗಿಸಿ' ಎಂದು ಮರಾಠಿಯಲ್ಲಿ ಅಚ್ಚಾಗಿತ್ತು. ಇಂದೂ ಅದನ್ನು ಎರಡು ಸಲ ಓದಿದರು.

"ನಡೀರಿ. ಆ ಫೋಟೋ ನಾನೂ ನೋಡತೀನಿ."

ಎಲ್ಲರೂ ಸಂತೆಗೆ ಹೋದರು. ಮಾರುವವನು ಪತ್ರಿಕೆಯ ತುಣುಕಿಗೆ ಪ್ಲಾಸ್ಟಿಕ್ ಹೊದಿಸಿ ಇಟ್ಟಿದ್ದ. ಚಿತ್ರದ ಮೇಲೆ ಬೆರಳಿಟ್ಟು, ಈ ಮೇಡಂ ಕಂಡುಹಿಡಿದ ಔಷಧಿ ಇದು ಎಂದು ಮರಾಠಿಯಲ್ಲಿ ಇಂದೂ ಅವರಿಗೇ ಹೇಳಿದ.

ಅಂಬಾರಾಯ ಚಿತ್ರ ನೋಡಿದ, ಇಂದೂ ಅವರನ್ನು ನೋಡಿದ.

"ಯಾರದ ಫೋಟೋ ಅದು?" ಯಂಕವ್ವ ಸೊಸೆಯನ್ನು ಕೇಳಿದಳು.

"ಅತ್ತೀ, ನಮ್ಮ ಇಂದೂ ಅಕ್ಕೋರ್ದ ಅದ."

ಯಂಕವ್ವ ಮಾರುವವನತ್ತ ತಿರುಗಿದಳು. "ನನಗ ಪೊರಿ ಬಂದದ, ಕಾಣೂದಿಲ್ಲ. ನಿನಗೇನು ಬಂದದಪಾ?"

ಅಂಬಾರಾಯ ಅದನ್ನು ಗಟ್ಟಿಯಾಗಿ ಮರಾಠಿಯಲ್ಲಿ ಹೇಳಿದ. ಜನ ನಕ್ಕರು. ಇಂದೂ ನಗಲಿಲ್ಲ.

"ಹೆಚ್ಚಿಟ್ಟ ಬದನಿಕಾಯಿ ಗಾಳಿಗೆ ಕಪ್ಪಾಗತದಲ್ಲ? ಡಬ್ಬಿ ಮ್ಯಾಲ ಬರದ ಆಕ್ಸಿಡೇಟಿವ್ ಸ್ಟ್ರೆಸ್ ಅಂದ್ರ ಅಂಥದ್ದ. ವಯಸ್ಸು, ಬಿಸಲು, ಒಲಿ ಹೊಗಿ, ಸಕ್ಕರಿ ಕಾಯಿಲೆ, ಹಲ್ಲಿಗೆ ತಿಕ್ಕೋ ಮಿಶ್ರಿ, ಇವು ಕಣ್ಣಿನ ಮಸೂರಕ್ಕ ಅಂಥದ್ದ ಹಾನಿ ಮಾಡ್ತಾವ. ಅದು ಹ್ಯಾಂಗ ಅಂತ ನಾನು ಹುಡುಕಾಕ ಹತ್ತೀನಿ. ಪೊರಿ ಕರಗಸೋ ಗುಳಿಗಿ ನನಗ ಸಿಕ್ಕಿಲ್ಲ. ಒಡದ ಹಾಲು ಮತ್ತ ಹಾಲಾಗತದೇನು? ಕೆಟ್ಟ ಮಸೂರ ತಗದು ಹೊಸಾದು ಹಾಕೂದು ಒಂದ ದಾರಿ."

"ಮಿಶ್ರಿನೂ ಬಿಡಬೇಕೇನು?" ಯಂಕವ್ವ ಸಣ್ಣ ದನಿಯಲ್ಲಿ ಕೇಳಿದಳು.

"ತಂಬಾಕು ಹುರದು ಪುಡಿ ಮಾಡಿದ್ರ ಬ್ಯಾರೆ ಆಗತದೇನ್ರಿ? ಅದು ತಂಬಾಕನ. ಬಿಡ್ರಿ."

ಅಂಬಾರಾಯನ ಅನುಮಾನ ಇನ್ನೂ ಹೋಗಿರಲಿಲ್ಲ. "ಆಪರೇಶನ್ ಕೆಟ್ರ ಹ್ಯಾಂಗ್ರಿ? ಇದೊಂದ ಕಣ್ಣು ಉಳದದ."

"ನಿನ್ನ ಹೆದರಿಕಿ ಖರೆ ಅದ. ಏನೂ ಆಗೂದ ಇಲ್ಲ ಅಂತ ನಾನು ಹೇಳೂದಿಲ್ಲ. ಡಾಕ್ಟರು ಮೊದಲ ಸಕ್ಕರಿ, ಬಿಪಿ, ಕಣ್ಣಿನ ಒತ್ತಡ ನೋಡ್ತಾರ. ಭಾಳ ಮಂದಿಗೆ ಛಲೋ ಆಗತದ. ಕಾಯ್ಕೋತ ಕುಂತ್ರ ಏನಾಗತದ ಅನ್ನೂದನ್ನ ನೀನ ಒಮ್ಮೆ ನೋಡೀದಿ."

ಅಂಬಾರಾಯ ಮರುದಿನ ರಜೆ ಹಾಕಿ ತಾಯಿಯನ್ನು ಸರಕಾರಿ ಆಸ್ಪತ್ರೆಗೆ ಕರೆದೊಯ್ದ. ತಪಾಸಣೆಗಳಾದವು, ಶಸ್ತ್ರಚಿಕಿತ್ಸೆಯೂ ಆಯಿತು. ಪಟ್ಟಿ ಬಿಚ್ಚಿದಾಗ ಯಂಕವ್ವ ಮಗನನ್ನು ದಿಟ್ಟಿಸಿ ನೋಡಿದಳು.

"ನಿನ್ನ ತಲಿ ಯಾವಾಗ ಬೆಳ್ಳಗಾತೋ ಅಂಬಾರಾಯ?"

ಅಂಬಾರಾಯ ಬಗ್ಗಿ ತಲೆಯನ್ನು ಅವಳ ಕಣ್ಣ ಮುಂದೆ ಹಿಡಿದ.

ಬಲಗಣ್ಣು ಉಳಿಯಿತು. ಎಡಗಣ್ಣು ಕತ್ತಲೆಯಾಗಿಯೇ ಇದೆ. ಅದನ್ನು ಯಾರೂ ತಂದುಕೊಡಲಾರರು. ಗುಳಿಗೆ ಮಾರುವವನು ಈಗ ಬೇರೊಂದು ಸಂತೆಯಲ್ಲಿ ಕೂರುತ್ತಾನೆ. ಕಷ್ಟಪಟ್ಟು ಪಡೆದ ತಿಳಿವಳಿಕೆಯನ್ನು ಕದ್ದು, ಬಡವರ ಕಣ್ಣಿಗೆ ಮಣ್ಣೆರಚುವ ಈ ವ್ಯಾಪಾರ ನಿಲ್ಲುವುದು ನಾವು ಕೊಳ್ಳುವುದನ್ನು ನಿಲ್ಲಿಸಿದಾಗ.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಪೊರೆ ಹಣ್ಣಾಗಲಿ ಎಂದು ಕಾಯಬೇಡಿ. ಕಣ್ಣು ಕೆಂಪಾಗಿ ನೋವು, ತಲೆಸಿಡಿತ ಬಂದರೆ ಅದೇ ದಿನ ಕಣ್ಣಿನ ಡಾಕ್ಟರರ ಬಳಿ ಹೋಗಿ. ಇವತ್ತೇ ನಿಮ್ಮ ಮನೆಯ ಹಿರಿಯರನ್ನು ಬಾಗಿಲ ಬೆಳಕಿನಲ್ಲಿ ಕೂರಿಸಿ. ಒಂದೊಂದೇ ಕಣ್ಣು ಮುಚ್ಚಿಸಿ, ನಿಮ್ಮ ಮುಖ ಸರಿಯಾಗಿ ಕಾಣುತ್ತದೆಯೇ ಎಂದು ಕೇಳಿ. ಅವರು ತಡೆದು ತಡೆದು ಉತ್ತರ ಕೊಟ್ಟರೆ, ನಾಳೆಯ ಕೆಲಸ ಬಿಡಿ, ಆಸ್ಪತ್ರೆಗೆ ಹೊರಡಿ.