ಶ್ವೇತ ಕೊಡಿಸಿದ ಫೋನು

"ಕಣ್ಣು ಮುಚ್ಕೋ ಅಮ್ಮ, ಕೈ ಚಾಚು," ಎಂದ ಅಂಜಿ.

ಶಾಮಲಮ್ಮನ ಎರಡೂ ಕೈಗೆ ಹುಣಸೆಹಣ್ಣಿನ ಅಂಟು ಮೆತ್ತಿಕೊಂಡಿತ್ತು. ಮಗ ಅಂಗಡಿಯಿಂದ ಬರುವಷ್ಟರಲ್ಲಿ ಒಂದು ಮಂಕರಿಯಷ್ಟಾದರೂ ಬೀಜ ಬಿಡಿಸಿಬಿಡೋಣವೆಂದು ಗೋಣಿಚೀಲದ ಮೇಲೆ ಕೂತವಳು ಇನ್ನೂ ಎದ್ದಿರಲಿಲ್ಲ.

"ಇರೋ ನಾಯ್ನಾ, ಕೈ ತೊಳ್ಕೊಂಡ್ ಬರ್ತೀನಿ."

"ಚೆನ್ನಾಗ್ ತೊಳ್ಕೋ. ಹೊಸ ಫೋನಿಗೆ ಹುಳಿ ಮೆತ್ತಬೇಡ."

ಹೊಸ ಫೋನೇ? ಹಾಗಾದರೆ ಹಳೆಯದು? ಬೆಳಿಗ್ಗೆ "ಮೇಲೆ ಗ್ಲಾಸ್ ಹಾಕ್ಸ್ಕೊಂಡ್ ಬರ್ತೀನಿ" ಎಂದು ತೆಗೆದುಕೊಂಡು ಹೋಗಿದ್ದ. ಸಂಜೆಗೆ ಕೈಗೆ ಬರುತ್ತದಲ್ಲ ಎಂದು ಕೊಟ್ಟಿದ್ದಳು. ಸೆರಗಿಗೆ ಕೈ ಒರೆಸಿಕೊಳ್ಳುತ್ತ ಓಡಿಬಂದು ನೋಡಿದರೆ ಅವನ ಅಂಗೈಯಲ್ಲಿದ್ದದ್ದು ಅದೇ ಫೋನು. ಮೂಲೆಯಲ್ಲಿ ಅದೇ ಬಿರುಕು, ಬೆನ್ನಿಗೆ ಅದೇ ಹಳದಿ ಹೂವಿನ ಕವರು.

"ಅದೇ ಅಲ್ವೇನೋ ಇದು?"

"ಹೊರಗಡೆ ಅದೇ. ಒಳಗಡೆ ಪೂರ್ತಿ ಹೊಸದು." ಅಂಜಿ ಅವಳ ಪಕ್ಕ ಕುಕ್ಕರುಗಾಲಲ್ಲಿ ಕೂತು ಪರದೆಯ ಮೇಲೆ ಬೆರಳಾಡಿಸಿದ. "ಕಂಪ್ನಿಯೋರು ಈ ಮಾಡೆಲ್‌ಗೆ ಅಪ್‌ಡೇಟ್ ಕೊಡೋದು ಯಾವತ್ತೋ ನಿಲ್ಸಿದಾರೆ. ಅದಕ್ಕೇ ನಿಂಗೆ ವಾಟ್ಸಾಪು ನಿಂತ್ ನಿಂತ್ ಹೋಗ್ತಿತ್ತು. ನಾನು ಹೊರಗಿಂದ ಬೇರೆ ಸಾಫ್ಟ್‌ವೇರ್ ಹಾಕ್ದೆ. ನೋಡು, ಹೆಂಗ್ ಜಾರ್ತದೆ! ಬೆಣ್ಣೆ! ನಮ್ ಮೊಬೈಲ್ ಹುಡುಗರ ಗ್ರೂಪಲ್ಲಿ ಹಾಕಿದ್ದೀನಿ, ಎಲ್ರೂ ಬಾಯ್ ಬಿಡ್ತಾವ್ರೆ. ಇಷ್ಟು ಹಳೇದಕ್ಕೆ ಹೆಂಗ್ ಕೂರಿಸ್ದೆ ಗುರು ಅಂತ."

ಅಂಜಿಗೆ ಫೋನೆಂದರೆ ಹುಚ್ಚು. ಮುಳಬಾಗಿಲು ಬಸ್ ಸ್ಟ್ಯಾಂಡಿನ ಹತ್ತಿರ ಮೊಬೈಲ್ ಅಂಗಡಿಯಲ್ಲಿ ಕೆಲಸ. ಯಾವ ದೇಶದಲ್ಲಿ ಯಾವ ಮಾಡೆಲ್ ಬಿಟ್ಟರೂ ಅದರ ಕ್ಯಾಮೆರಾ ಎಂಥದು, ಬ್ಯಾಟರಿ ಎಷ್ಟು, ಎಷ್ಟು ವರ್ಷ ಅಪ್‌ಡೇಟ್ ಕೊಡುತ್ತಾರೆ ಎಂಬುದೆಲ್ಲ ಬಾಯಿಪಾಠ. ಅವನ ಅಕ್ಕ ಶ್ವೇತ ನರಸಾಪುರದ ಫೋನ್ ಕಾರ್ಖಾನೆಗೆ ಸೇರಿದಾಗ ಅವಳಿಗಿಂತ ಇವನೇ ಹೆಚ್ಚು ಕುಣಿದಿದ್ದ. ದಿನಾ ಅವಳ ಬೆನ್ನು ಬೀಳುತ್ತಿದ್ದ, "ಹೊಸದು ಹೆಂಗೈತೆ ಹೇಳಕ್ಕ." ಶ್ವೇತ ನಗುತ್ತಿದ್ದಳು: "ನಂಗೆ ಕಾಣೋದು ಒಂದು ಮೂಲೆ, ಎರಡು ಸ್ಕ್ರೂ ಕಣೋ. ಪೂರ್ತಿ ಫೋನು ನಾನೂ ನೋಡಿಲ್ಲ."

ಮೊದಲ ಸಂಬಳದಲ್ಲಿ ಅವಳು ಅಮ್ಮನಿಗೆ ಕೊಡಿಸಿದ್ದು ಈ ಫೋನು. ಕೊಟ್ಟ ದಿನವೇ ಒಳಗೆ ಏನೋ ಒತ್ತಿ, "ನಾನು ಫೋನಲ್ಲಿ ಹೇಳಿದ್ದೆಲ್ಲ ನೀನು ಮರೀತೀಯ. ಇದು ಮರೆಯಲ್ಲ ಬಿಡು," ಎಂದಿದ್ದಳು. ಅದೇನೆಂದು ಶಾಮಲಮ್ಮ ಕೇಳಿರಲಿಲ್ಲ.

ತಿಳಿದದ್ದು ಶ್ವೇತ ಹೋದ ಮೇಲೆ. ಕಳೆದ ಮಳೆಗಾಲದಲ್ಲಿ ಜ್ವರ ಬಂತು. ಕೋಲಾರದ ಆಸ್ಪತ್ರೆಗೆ ಸೇರಿಸಿದರು, ರಕ್ತ ಕೊಟ್ಟರು, ಒಂದು ವಾರದಲ್ಲಿ ಮುಗಿದುಹೋಯಿತು. ತಿಥಿ ಕಳೆದ ಮೇಲೊಂದು ದಿನ ಶಾಮಲಮ್ಮ ಸುಮ್ಮನೆ ಮಗಳ ಹೆಸರನ್ನು ನೋಡುತ್ತ ಕೂತಿದ್ದಾಗ, ಅದರ ಕೆಳಗೆ ಪುಟ್ಟ ಮೈಕಿನ ಗುರುತು ಕಂಡು ಬೆರಳಿಟ್ಟಳು. "ಅಮ್ಮಾ, ಬಸ್ ಹತ್ತಿದೆ. ಏನ್ ಸಾರು ಇವತ್ತು?" ಎಂದಳು ಶ್ವೇತ.

ಕಾರ್ಖಾನೆಯೊಳಗೆ ಸ್ವಂತ ಫೋನು ಒಯ್ಯುವಂತಿರಲಿಲ್ಲ. ಗೇಟಿನಲ್ಲಿ ಇಟ್ಟು ಹೋಗಬೇಕು. ಸಂಜೆ ವಾಪಸು ಸಿಕ್ಕಿ, ಅವಳನ್ನು ಊರ ಬಳಿ ದೇವರಾಯಸಮುದ್ರದ ಗೇಟಿನಲ್ಲಿ ಇಳಿಸಿ ಮುಳಬಾಗಿಲಿಗೆ ಹೋಗುವ ಕಂಪನಿ ಬಸ್ಸು ಹತ್ತಿದ ಕೂಡಲೇ ಅವಳ ಮೊದಲ ಮಾತು ಅದೇ. ದಿನಾ ಅದೇ. ಎಲ್ಲವೂ ಅಲ್ಲೇ ಇದ್ದವು, ಒಂದರ ಕೆಳಗೊಂದು. ಹಿಂದೆ ಬಸ್ಸಿನ ಸದ್ದು, ಹುಡುಗಿಯರ ನಗು. ಒಂದರಲ್ಲಂತೂ, "ಮತ್ತೆ ಉಪ್ಸಾರಾ? ಹೋಗಮ್ಮ, ನಾನು ಬಸ್ ಇಳಿಯಲ್ಲ. ಹಂಗೇ ಮುಳಬಾಗಿಲಿಗೆ ಹೋಗಿ ದೋಸೆ ತಿಂತೀನಿ!" ಆಮೇಲೆ ಶಾಮಲಮ್ಮನದೇ ದನಿ: "ತಿನ್ನೋಗೇ, ನಂಗೊಂದು ಕಟ್ಟಿಸ್ಕೊಂಡ್ ಬಾ." ಅದನ್ನೇ ಅವಳು ಹೆಚ್ಚು ಕೇಳುತ್ತಿದ್ದದ್ದು.

ಒಮ್ಮೆ ಹಾಗೆ ಕೇಳುತ್ತಿದ್ದಾಗ ಗಂಡ ಶ್ರೀನಿವಾಸಪ್ಪ ಒಳಗೆ ಬಂದ. ಮಗಳ ದನಿ ಕಿವಿಗೆ ಬಿದ್ದದ್ದೇ ಹೊಸಿಲಲ್ಲೇ ನಿಂತು, ಹಾಗೇ ತಿರುಗಿ ಕೆರೆ ಕಟ್ಟೆಯ ಕಡೆ ನಡೆದುಬಿಟ್ಟ. ಕತ್ತಲಾದರೂ ಬರಲಿಲ್ಲ. ಅಂದಿನಿಂದ ಅವಳು ಮನೆಯಲ್ಲಿ ಯಾರೂ ಇಲ್ಲದ ಮಧ್ಯಾಹ್ನದ ಹೊತ್ತಿನಲ್ಲಿ, ಹಸುವಿಗೆ ನೀರಿಟ್ಟು ಬಂದು, ದನಿ ಸಣ್ಣ ಮಾಡಿಕೊಂಡು ಕೇಳುತ್ತಿದ್ದಳು. ಅಂಜಿಗೂ ಹೇಳಿರಲಿಲ್ಲ.

ಈಗ ಅವಳು ಅಂಜಿಯ ಕೈಯಿಂದ ಫೋನು ತೆಗೆದುಕೊಂಡು ಮಗಳ ಹೆಸರು ತೆರೆದಳು. ಹೆಸರಿತ್ತು. ನಗುವ ಫೋಟೋ ಇತ್ತು. ಕೆಳಗೆ ಏನೂ ಇರಲಿಲ್ಲ. ಮೇಲಕ್ಕೆ ತಳ್ಳಿದಳು, ಕೆಳಕ್ಕೆ ಎಳೆದಳು.

"ಏನ್ ಹುಡುಕ್ತಿದ್ದೀಯ? ನಂಬರ್ ಎಲ್ಲಾ ಐತೆ, ಫೋಟೋನೂ ಐತೆ. ಒಂದೊಂದೂ ಎತ್ತಿಟ್ಕೊಂಡೇ ಕೆಲಸ ಶುರು ಮಾಡಿದ್ದು."

"ಅಂಜಿ, ಮುಂಚೆ ಇದ್ರಲ್ಲಿ... ಮಾತಾಡಿದ್ದೆಲ್ಲ ಉಳ್ಕೊಂತಿತ್ತಲ್ಲ..."

"ಕಾಲ್ ರೆಕಾರ್ಡಿಂಗಾ? ಇದ್ರಲ್ಲಿ ಅದಿಲ್ಲ. ಹಳೇವೂ ಹೋದ್ವು. ಕಂಪ್ನಿಯೋರು ಹಾಕಿರೋ ಬೀಗ ತೆಗೀಬೇಕಾದ್ರೆ ಫೋನು ಒಳಗಿರೋದ್ನೆಲ್ಲ ಒರೆಸಿಬಿಡ್ತದೆ ಅಮ್ಮ, ಬಿಡಲ್ಲ. ಹೋದ್ರೆ ಹೋಗ್ಲಿ, ಕಸ. ಸುಮ್ನೆ ಜಾಗ ತಿಂತಿತ್ತು." ಆಮೇಲೆ ಅವಳ ಮುಖ ನೋಡಿದ. "ಯಾಕಮ್ಮ? ಏನಾದ್ರೂ ಇತ್ತಾ?"

ಶಾಮಲಮ್ಮನ ನಾಲಿಗೆಯ ತುದಿಯಲ್ಲೇ ಇತ್ತು. ಮಗನನ್ನು ನೋಡಿದಳು. ಅಕ್ಕ ಹೋದ ಮೇಲೆ ಅಂಗಡಿಯಿಂದ ಬಂದು ಉಂಡು ಗೋಡೆ ಕಡೆ ಮುಖ ಮಾಡಿ ಮಲಗುತ್ತಿದ್ದ ಹುಡುಗ. ಯಾವ ಫೋನು ಮೇಲು ಎಂದು ಗ್ರೂಪಿನವರ ಜೊತೆ ಆಡುತ್ತಿದ್ದ ಜಗಳವನ್ನೂ ಬಿಟ್ಟಿದ್ದ. ಇವತ್ತು ಅವನ ಕಣ್ಣಿನಲ್ಲಿ ಮೊದಲಿನ ಹೊಳಪಿತ್ತು. ತುಟಿಯ ಮೇಲೆ ಬೆವರಿತ್ತು.

"ಏನಿಲ್ಲ. ನಿಮ್ಮಪ್ಪ ಸಂತೆಯಿಂದ ಏನೋ ತರ್ಬೇಕು ಅಂದಿದ್ರು, ಮರ್ತೆ."

"ಅಷ್ಟೇನಾ! ಅಪ್ಪಂಗೇ ಇನ್ನೊಂದ್ ಸಲ ಕೇಳು." ನಕ್ಕ. ನಗು ಅರ್ಧಕ್ಕೇ ನಿಂತಿತು. "ಅಂಗಡಿ ಓನರ್ರು ಹೇಳಿದ್ರು ಅಮ್ಮ, ಇದನ್ ಕೊಟ್ಟು ಹೊಸದ್ ತಗೊಂಡೋಗು ಅಂತ. ಅಕ್ಕ ಕೊಡ್ಸಿದ್ದು. ನಂಗೆ ಕೊಡಕ್ಕೆ ಮನಸಾಗ್ಲಿಲ್ಲ. ಇನ್ನ ಮೂರ್ನಾಲ್ಕು ವರ್ಷ ಇದಕ್ಕೇನೂ ಆಗಲ್ಲ ನೋಡ್ತಿರು."

"ಚೆನ್ನಾಗ್ ಮಾಡಿದ್ದೀಯ ಕಣೋ," ಎಂದಳು ಶಾಮಲಮ್ಮ. ಅವನ ತಲೆ ಸವರಲು ಕೈ ಎತ್ತಿದವಳು, ಹುಣಸೆಯ ಅಂಟು ಇನ್ನೂ ಬಿಟ್ಟಿಲ್ಲವೆಂದು ಕೈ ಹಿಂದಕ್ಕೆ ತೆಗೆದುಕೊಂಡಳು.

ಮಾರನೆಯ ಮಧ್ಯಾಹ್ನ ಹಸುವಿಗೆ ನೀರಿಟ್ಟು ಬಂದು ಫೋನು ಕೈಗೆತ್ತಿಕೊಂಡಳು. ಬೆಣ್ಣೆಯ ಹಾಗೆ ಜಾರಿತು. ಎಲ್ಲಿ ಮುಟ್ಟಿದರೂ ಏನೋ ಒಂದು ತೆರೆಯಿತು. ತೆರೆದದ್ದನ್ನೆಲ್ಲ ಮುಚ್ಚಿ, ಉಪ್ಪಿನ ಜಾಡಿಯ ಪಕ್ಕ ಗೂಡಿನಲ್ಲಿಟ್ಟು, ಮಂಕರಿ ಎಳೆದುಕೊಂಡು ಕೂತಳು. ಮನಸ್ಸಿನಲ್ಲೇ ಮಗಳ ಒಂದೊಂದು ಮಾತನ್ನೂ ನೆನೆಸಿಕೊಂಡು ನೋಡಿದಳು. ಮಾತು ಬಂತು. ದನಿ ಮಾತ್ರ ತನ್ನದೇ ಆಗಿ ಬರುತ್ತಿತ್ತು.

ಸಂಜೆ ಹುರುಳಿಕಾಳು ಬೇಯಿಸಿ, ಕಟ್ಟು ಬಸಿದು, ಖಾರ ರುಬ್ಬಿ ಹಾಕಿ ಒಲೆಯ ಮೇಲಿಟ್ಟಿದ್ದಳು. ಹೆದ್ದಾರಿಯ ಕಡೆಯಿಂದ ಕಂಪನಿ ಬಸ್ಸಿನ ಹಾರನ್ ಕೇಳಿಸಿತು. ಸೌಟು ಆಡಿಸುತ್ತಿದ್ದ ಕೈ ತಾನಾಗಿ ನಿಂತಿತು.

"ಹುರುಳಿಕಾಳು ಬಸ್ಸಾರು ಕಣೇ," ಎಂದಳು.

"ನಾನಿನ್ನೂ ಕೇಳ್ಲೇ ಇಲ್ವಲ್ಲಮ್ಮ."

ಅಂಜಿ ಹೊಸಿಲಲ್ಲಿ ನಿಂತಿದ್ದ. ಚಪ್ಪಲಿ ಇನ್ನೂ ಕಾಲಲ್ಲೇ ಇತ್ತು. ಅಮ್ಮನನ್ನು ನೋಡಿದ, ಗೂಡಿನಲ್ಲಿದ್ದ ಫೋನನ್ನು ನೋಡಿದ.

"ಕೇಳ್ತೀಯಲ್ಲ ಹೆಂಗೂ," ಎಂದಳು ಶಾಮಲಮ್ಮ, ತಿರುಗದೆ. "ಕೈಕಾಲ್ ತೊಳ್ಕೊಂಡ್ ಬಾ ಹೋಗು."

ಅವನು ಹೋಗಲಿಲ್ಲ. ಸಾರು ಕುದಿಯತೊಡಗಿತು. ಹೊರಗೆ ಬಸ್ಸಿನ ಸದ್ದು ಹತ್ತಿರವಾಯಿತು. ಇಳಿಯುವವರು ಯಾರೂ ಇಲ್ಲದ್ದರಿಂದ ದೇವರಾಯಸಮುದ್ರದ ಗೇಟಿನಲ್ಲಿ ನಿಧಾನ ಮಾಡದೆ, ಹಾಗೇ ಮುಳಬಾಗಿಲಿನ ಕಡೆ ಹೊರಟುಹೋಯಿತು.